ನಾರ್ಟನ್ ಸೇಂಟ್ ಫಿಲಿಪ್‌ನ ಜಾರ್ಜ್ ಇನ್: ಕೆಳಗೆ ಕಲ್ಲು, ಮೇಲೆ ಮರ ಏಕೆ?

ಇಂಗ್ಲೆಂಡಿನ ಸಾಮರ್ಸೆಟ್ ಪ್ರಾಂತ್ಯದ ಈ ಹಳ್ಳಿಯ ತಂಗುಮನೆಯ ನೆಲ ಅಂತಸ್ತು ಕಲ್ಲಿನದಾಗಿದ್ದು, ಮೇಲಿನೆರಡು ಅಂತಸ್ತುಗಳು ಮರದ ಚೌಕಟ್ಟಿನವು ಏಕೆಂಬುದು ಪ್ರಶ್ನೆ. ಕಟ್ಟಡವು ಒಂದೇ ಕಾಲದ್ದಲ್ಲ ಎಂಬುದೇ ಮುಖ್ಯ ಕಾರಣ. ಸಮೀಪದ ಹಿಂಟನ್ ಮಠದ ಕಾರ್ತೂಸಿಯನ್ ಎಂಬ ಕ್ರೈಸ್ತ ಪಂಥದ ಸನ್ಯಾಸಿಗಳು 14ನೆಯ ಶತಮಾನದಲ್ಲಿ ಇದನ್ನು ಕಟ್ಟಿಸಿದರು. ಬೀದಿಯ ಕಡೆಗಿನ ಮರದ ಅಂತಸ್ತುಗಳು 15ನೆಯ ಶತಮಾನದ ಮರುನಿರ್ಮಾಣದಲ್ಲಿ ಬಂದವು. ಮಠದ ಆದಾಯ ಉಣ್ಣೆಯನ್ನು ಅವಲಂಬಿಸಿತ್ತು; ಆದ್ದರಿಂದ ಇಲ್ಲಿ ಪ್ರಯಾಣಿಕರ ವಸತಿಯ ಜೊತೆಗೆ ಉಣ್ಣೆ ಮಾರಾಟದ ಜಾತ್ರೆಯ ಸರಕಿನ ದಾಸ್ತಾನಿಗೂ ಸ್ಥಳ ಬೇಕಾಗಿತ್ತು.

ಗಮನಿಸಲೇಬೇಕಾದದ್ದು ಒಂದರ ಮೇಲೊಂದು ಮುಂಚಾಚಿದ ಅಂತಸ್ತುಗಳು. ನೆಲಹಾಸನ್ನು ಹೊರುವ ಜಂತೆಗಳನ್ನು ಕೆಳಗೋಡೆಯ ಆಚೆಗೆ ಚಾಚಿಸಿ, ಅವುಗಳ ತುದಿಯ ಮೇಲೆ ಅಡ್ಡತೊಲೆಯಿಟ್ಟು ಮೇಲ್ಗೋಡೆಯನ್ನು ನಿಲ್ಲಿಸುತ್ತಾರೆ. ತುದಿಯ ಮೇಲೆ ಬೀಳುವ ಈ ಭಾರವು ಕೋಣೆಯ ನಡುವೆ ಜಂತೆ ಬಾಗುವುದನ್ನು ಒಂದಿಷ್ಟು ತಡೆಯುತ್ತದೆ ಮತ್ತು ಬೀದಿಯ ಜಾಗವನ್ನು ಆಕ್ರಮಿಸದೆಯೇ ಮೇಲಿನ ಕೋಣೆಗಳು ಹಿಗ್ಗುತ್ತವೆ. ಮುಂಭಾಗಕ್ಕಿಂತಲೂ ನನಗೆ ಹೆಚ್ಚು ಪ್ರಿಯವಾದುದು ಈ ಸರಳ ಲೆಕ್ಕಾಚಾರವೇ. ಕಮಾನಿನ ಬಾಗಿಲು ದಾಟಿದರೆ ಹಿಂದೆ ಅಂಗಳವಿದೆ. ತನ್ನ ದಿನಚರಿ ಬರಹಕ್ಕಾಗಿ ಪ್ರಸಿದ್ಧನಾದ ಸ್ಯಾಮ್ಯುಯೆಲ್ ಪೀಪ್ಸ್ 1668ರಲ್ಲಿ ಇಲ್ಲಿ ಊಟ ಮಾಡಿದ್ದನು.