ಪ್ರತಿ: ಸ್ವಾಟ್ ಮಾದರಿಯಲ್ಲಿ ಮಳೆಗಾಲದ ಹರಿವು ಜಾಸ್ತಿ, ಬೇಸಿಗೆಯಲ್ಲಿ ಸೊನ್ನೆ

ಸ್ವಾಟ್ (ಮಳೆ, ಮಣ್ಣು, ಭೂಬಳಕೆಯಿಂದ ಹೊಳೆಯ ಹರಿವು ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿ) ಮಳೆಗಾಲದಲ್ಲಿ ಅಳತೆಗಿಂತ ಜಾಸ್ತಿ, ಬೇಸಿಗೆಯಲ್ಲಿ ಸೊನ್ನೆ ಹರಿವು ಯಾಕೆ ತೋರಿಸುತ್ತಿದೆ ಅಂತ ಕೇಳಿದ್ದೀರಿ. ಬಹುತೇಕ ನಿಮ್ಮ ಕರ್ವ್ ನಂಬರ್ (ಮಳೆನೀರು ಎಷ್ಟರ ಮಟ್ಟಿಗೆ ಇಂಗದೆ ಹರಿದುಹೋಗುತ್ತದೆ ಅನ್ನುವ ಅಂಕಿ) ಜಾಸ್ತಿಯಾಗಿದೆ. ನೀರು ನೆಲಕ್ಕೆ ಇಂಗದೆ ಮೇಲೆ ಮೇಲೆಯೇ ಓಡಿಹೋಗುತ್ತಿದೆ, ಅದಕ್ಕೇ ಮಳೆಗಾಲದಲ್ಲಿ ಅಳತೆ ಮೀರಿದ ಹರಿವು, ಬೇಸಿಗೆಯಲ್ಲಿ ಸೊನ್ನೆ. ಪ್ರಬಂಧಕ್ಕೆ ಸಮಯ ಕಮ್ಮಿ ಇದ್ದರೂ ಆಟೋ ಕ್ಯಾಲಿಬ್ರೇಷನ್ (ಮಾದರಿಯ ಪ್ಯಾರಾಮೀಟರ್‌ಗಳನ್ನು ತಂತ್ರಾಂಶವೇ ಹೊಂದಿಸುವುದು) ಈಗಲೇ ಬೇಡ.

ಮೊದಲು ವಾರ್ಮ್‌ಅಪ್‌ಗೆ (ಫಲಿತಾಂಶಕ್ಕೆ ಹಿಡಿಯದ ಆರಂಭದ ಓಟ) 2-3 ವರ್ಷ ಬಿಟ್ಟಿದ್ದೀರಾ ನೋಡಿ. ಬಿಡದಿದ್ದರೆ ಮಣ್ಣಿನ ತೇವ, ಅಂತರ್ಜಲ ಎರಡೂ ಊಹೆಯ ಅಂಕಿಯಿಂದ ಶುರುವಾಗುತ್ತವೆ. ಆಮೇಲೆ ಅಳತೆಯ ಹರಿವಿಗೆ ಬೇಸ್‌ಫ್ಲೋ ಫಿಲ್ಟರ್ ಹಾಕಿ, ಅಂತರ್ಜಲದಿಂದ ಬರುವ ಪಾಲು ಎಷ್ಟು ಅಂತ ತೆಗೆದು, ಮಾದರಿ ಕೊಡುವ ಪಾಲಿನ ಜೊತೆ ಹೋಲಿಸಿ. ಇದನ್ನು ಬಿಟ್ಟು ಪ್ಯಾರಾಮೀಟರ್ ತಿರುಗಿಸುತ್ತಾ ಕೂತರೆ ಸುಮ್ನೆ ಕಾಲಹರಣ.

ನಂತರ ಸಿಎನ್2 (ಮಾದರಿಯಲ್ಲಿ ಕರ್ವ್ ನಂಬರ್‌ನ ಹೆಸರು) ಅನ್ನು ಶೇ 5ರಿಂದ 10ರಷ್ಟು ಇಳಿಸಿ ಓಡಿಸಿ. ಶೇಕಡಾವಾರು ಇಳಿಸಬೇಕು, ಎಲ್ಲ ಕಡೆ ಒಂದೇ ಸಂಖ್ಯೆ ತುಂಬಿದರೆ ಕಾಡು-ಹೊಲದ ವ್ಯತ್ಯಾಸವೇ ಅಳಿಸಿಹೋಗುತ್ತದೆ. ಬೇಸಿಗೆ ಹರಿವು ಆಗಲೂ ಬರದಿದ್ದರೆ ಜಿಡಬ್ಲ್ಯುಕ್ಯುಎಂಎನ್ ಇಳಿಸಿ (ಅಂತರ್ಜಲ ಇಷ್ಟು ಏರಿದ ಮೇಲೇ ಹೊಳೆಗೆ ಬಿಡಬೇಕು ಅನ್ನುವ ಮಿತಿ ಅದು).

ಒಂದು ಅನುಮಾನ ಇದೆ. ಅಳತೆ ಕೇಂದ್ರದ ಮೇಲ್ಭಾಗದಲ್ಲಿ ಅಣೆಕಟ್ಟು ಇದ್ದು ಅದನ್ನು ಮಾದರಿಗೆ ಸೇರಿಸದಿದ್ದರೂ ಇದೇ ಲಕ್ಷಣ ಕಾಣುತ್ತದೆ, ಹಾಗಿದ್ದರೆ ಕರ್ವ್ ನಂಬರ್ ಮುಟ್ಟುವ ಮುಂಚೆ ಅದನ್ನು ಸೇರಿಸಿ. ತಿಂಗಳ ಹರಿವಿಗೆ ನ್ಯಾಶ್-ಸಟ್‌ಕ್ಲಿಫ್ (ಮಾದರಿ ಅಳತೆಗೆ ಎಷ್ಟು ಹೊಂದುತ್ತದೆ ಅನ್ನುವ ಅಂಕ) 0.5 ದಾಟಿದ ಮೇಲೆ ಆಟೋ ಕ್ಯಾಲಿಬ್ರೇಷನ್‌ಗೆ ಹೋಗಿ.