ಇದುನ್ ಎಂಬ ಹೆಸರಿನ ಅರ್ಥವೇನು? ಹೆಣ್ಣುಮಗುವಿಗೆ ಚೆನ್ನಾಗಿರುತ್ತಾ?

ಇದುನ್ ಹಳೆಯ ನಾರ್ಸ್ ಭಾಷೆಯ, ಅಂದರೆ ನಾರ್ವೆ, ಐಸ್‌ಲ್ಯಾಂಡ್ ಕಡೆ ಹಿಂದೆ ಆಡುತ್ತಿದ್ದ ಭಾಷೆಯ ಹೆಸರು. ‘ಸದಾ ಹರೆಯದವಳು’ ಅಥವಾ ‘ಮತ್ತೆ ಹರೆಯ ಕೊಡುವವಳು’ ಎಂದು ಸಾಮಾನ್ಯವಾಗಿ ಅರ್ಥ ಹೇಳುತ್ತಾರೆ. ನಾರ್ಸ್ ಪುರಾಣದಲ್ಲಿ ಇವಳು ದೇವತೆ, ಕಾವ್ಯದ ದೇವರು ಬ್ರಾಗಿಯ ಹೆಂಡತಿ. ಇವಳ ಮರದ ಪೆಟ್ಟಿಗೆಯಲ್ಲಿ ಸೇಬು ಇರುತ್ತವೆ. ಅದನ್ನು ತಿಂದರಷ್ಟೇ ದೇವತೆಗಳಿಗೆ ಮುಪ್ಪಿಲ್ಲ. ನಮ್ಮವರಿಗೆ ಅಮೃತ, ಅವರಿಗೆ ಸೇಬು.

13ನೇ ಶತಮಾನದಲ್ಲಿ ಐಸ್‌ಲ್ಯಾಂಡಿನ ಸ್ನೋರಿ ಸ್ಟರ್ಲುಸನ್ ಬರೆದಿಟ್ಟ ಕಥೆ ಮಜವಾಗಿದೆ. ದೇವತೆಗಳ ನಡುವಿನ ಕಿತಾಪತಿಗಾರ ಲೋಕಿ ಇವಳ ಹತ್ತಿರ ಬಂದು, ‘ಕಾಡಲ್ಲಿ ಒಳ್ಳೇ ಸೇಬು ಕಂಡೆ, ನಿನ್ನದನ್ನೂ ತಾ, ಹೋಲಿಸಿ ನೋಡೋಣ’ ಎಂದು ಪುಸಲಾಯಿಸುತ್ತಾನೆ. ಪಾಪ, ನಂಬಿ ಹೋಗುತ್ತಾಳೆ. ಹದ್ದಿನ ರೂಪದಲ್ಲಿ ಕಾದಿದ್ದ ತ್ಯಾಟ್ಸಿ ಎಂಬ ದೈತ್ಯ ಅವಳನ್ನು ಎತ್ತಿಕೊಂಡು ಹಾರುತ್ತಾನೆ. ಇತ್ತ ದೇವತೆಗಳಿಗೆ ಬೇಗಬೇಗ ತಲೆ ನರೆಯುತ್ತದೆ! ಕೊನೆಗೆ ಲೋಕಿಯೇ ಗಿಡುಗನಾಗಿ ಹೋಗಿ, ಅವಳನ್ನು ಗಟ್ಟಿ ಸಿಪ್ಪೆಯ ಒಂದು ಪುಟ್ಟ ಬೀಜವಾಗಿ (ನಟ್) ಮಾಡಿ, ಉಗುರಲ್ಲಿ ಹಿಡಿದು ತರುತ್ತಾನೆ. ಬೆನ್ನಟ್ಟಿದ ಹದ್ದಿನ ರೆಕ್ಕೆ ದೇವತೆಗಳು ಹಚ್ಚಿದ ಬೆಂಕಿಯಲ್ಲಿ ಸುಟ್ಟುಹೋಗುತ್ತದೆ.

ನನಗೆ ಈ ಹೆಸರು ಇಷ್ಟವಾಗುವುದು ಇದಕ್ಕೇ. ಕತ್ತಿ ಹಿಡಿದವಳಲ್ಲ, ಆದರೆ ಇವಳಿಲ್ಲದೆ ದೇವಲೋಕವೇ ನಡೆಯುವುದಿಲ್ಲ. ನಾರ್ವೆ, ಐಸ್‌ಲ್ಯಾಂಡ್‌ಗಳಲ್ಲಿ ಇಂದಿಗೂ ಇಡುತ್ತಾರೆ. ಇನ್ನೊಬ್ಬ ನಾರ್ಸ್ ದೇವತೆ ಫ್ರೇಯಾಳ ಹೆಸರಿನಷ್ಟು ಸವೆದದ್ದೂ ಅಲ್ಲ. ಐಸ್‌ಲ್ಯಾಂಡಿನವರ ಬಾಯಲ್ಲಿ ನಡುವಿನ ‘ದ’ ತುಂಬ ಮೆತ್ತಗೆ ಬರುತ್ತದೆ.

ಒಂದೇ ತಾಪತ್ರಯ: ಕನ್ನಡದ ಮನೆಯಲ್ಲಿ ಮುದ್ದಿಗೆ ಮೊಟಕು ಮಾಡಿದರೆ ಮಗು ‘ಇದು’ ಆಗಿಬಿಡುತ್ತದೆ, ಅಲ್ವಾ?