ಹಿಮ್ಮಡಿ ಒತ್ತಿ ಕೂರುವ ಹುಡುಗಿ

(ಗುರುತು ಸಿಗದಿರಲಿ ಅಂತ ಹೆಸರು ಮತ್ತು ಕೆಲವು ವಿವರ ಬದಲಿಸಿದ್ದೇನೆ.)

ಚಿನ್ನುಗೆ ಎಂಟು ವರ್ಷ, ಮೂರನೇ ಕ್ಲಾಸು. ಅಮ್ಮ ಅವಳನ್ನು ಆಪ್ತಸಲಹೆಗೆ ನನ್ನ ಹತ್ರ ಕರೆತಂದದ್ದು ‘ಇವಳ ಹಠ ಬಿಡಿಸಿ ಮೇಡಂ’ ಅಂತ. ದಿನಾ ಸಂಜೆ ಶಾಲೆಯಿಂದ ಬರುವಾಗ ಚಡ್ಡಿ ಒದ್ದೆ. ‘ಒಂದಕ್ಕೆ ಬಂದ್ರೆ ಮಿಸ್‌ಗೆ ಹೇಳೇ ಅಂದ್ರೆ ತುಟಿ ಬಿಚ್ಚಲ್ಲ. ಮನೇಲೂ ಟೀವಿ ಮುಂದೆ ಕೂತಲ್ಲೇ ಮಾಡ್ಕೋತಾಳೆ. ಬೇಕಂತ್ಲೇ ಮಾಡ್ತಾಳೆ.’ ಹಿಂದಿನ ವಾರ ಒಂದೇಟು ಹಾಕಿಯೂ ಆಗಿತ್ತು. ಅದನ್ನು ಹೇಳುವಾಗ ಅಮ್ಮನ ದನಿ ತಗ್ಗಿತು.

ಚಿನ್ನುಗೆ ಬಣ್ಣದ ಪೆನ್ಸಿಲ್ ಕೊಟ್ಟು ಚಾಪೆ ಮೇಲೆ ಕೂರಿಸಿದೆ. ಅಮ್ಮನ ಮಾತು ಕೇಳುತ್ತಲೇ ಒಂದು ಕಣ್ಣು ಅವಳ ಮೇಲಿಟ್ಟಿದ್ದೆ. ಕಾಲು ಗಂಟೆ ಕಳೆದಿರಬೇಕು. ಮರಕ್ಕೆ ಬಣ್ಣ ತುಂಬುತ್ತಿದ್ದ ಕೈ ಥಟ್ಟನೆ ನಿಂತಿತು. ಒಂದು ಕಾಲು ಮಡಿಸಿ, ಹಿಮ್ಮಡಿಯನ್ನು ತೊಡೆಸಂದಿಗೆ ಒತ್ತಿ ಅದರ ಮೇಲೆ ಭಾರ ಬಿಟ್ಟು ಕೂತಳು. ಉಸಿರು ಬಿಗಿ, ಕಣ್ಣು ಗೋಡೆಯ ಮೇಲೆ. ಅರ್ಧ ನಿಮಿಷ. ಆಮೇಲೆ ಏನೂ ಆಗಿಲ್ಲವೆಂಬಂತೆ ಹಸಿರು ಪೆನ್ಸಿಲ್ ಎತ್ತಿಕೊಂಡಳು.

ಇದು ಹಠ ಅಲ್ಲ. ಮೂತ್ರಚೀಲ ಹಿಂಡಿಕೊಂಡಾಗ ಸೋರದಂತೆ ತಡೆಯಲು ಮಗು ತಾನೇ ಕಂಡುಕೊಂಡ ಉಪಾಯ. 1966ರಲ್ಲೇ ವಿನ್ಸೆಂಟ್ ಎಂಬ ವೈದ್ಯರು ಇದನ್ನು ಬರೆದಿಟ್ಟರು. ಅದಕ್ಕೇ ಇವತ್ತಿಗೂ ‘ವಿನ್ಸೆಂಟ್ ಕರ್ಟ್ಸಿ’ ಅಂತಾರೆ. ಕರ್ಟ್ಸಿ ಅಂದರೆ ಮೊಣಕಾಲು ಬಗ್ಗಿಸಿ ಮಾಡುವ ವಂದನೆ. ಅಮ್ಮನಿಗೆ ತೋರಿಸಿದೆ. ‘ಅಯ್ಯೋ, ಹೀಗೆ ದಿನಾ ಕೂರ್ತಾಳೆ. ಆಟ ಅಂದ್ಕೊಂಡಿದ್ದೆ’ ಅಂದರು.

ಹಾಗಾಗಿ ಮನಸ್ಸಿನ ಮಾತನ್ನು ಸ್ವಲ್ಪ ಬದಿಗಿಟ್ಟು ಮೈಯ ಕಥೆ ಕೇಳಿದೆ. ಒಂದು ವರ್ಷದಲ್ಲಿ ಎರಡು ಸಲ ಚಳಿಜ್ವರ, ಉರಿಮೂತ್ರ. ಅಜ್ಜಿ ‘ಉಷ್ಣ ಆಗಿದೆ’ ಅಂತ ಜೀರಿಗೆ ಕಷಾಯ, ಎಳನೀರು ಕೊಟ್ಟಿದ್ದರು. ಎರಡನೇ ಸಲ ಡಾಕ್ಟರ್ ಬರೆದ ಆ್ಯಂಟಿಬಯಾಟಿಕ್ ಸಿರಪ್ಪು ಮೂರನೇ ದಿನಕ್ಕೆ ನಿಂತಿತ್ತು, ಜ್ವರ ಬಿಟ್ಟಿತಲ್ಲ ಅಂತ. ಮೂತ್ರ ಪರೀಕ್ಷೆಗೆ ಕೊಟ್ಟದ್ದು ತೊಳೆದ ಜಾಮ್ ಬಾಟಲಿಯಲ್ಲಿ. ಎರಡಕ್ಕೆ ಹೋಗೋದು? ಮೂರು ದಿನಕ್ಕೊಮ್ಮೆ, ಗಟ್ಟಿಯಾಗಿ, ಅತ್ತುಕೊಂಡು. ಇದನ್ನು ಅಲ್ಲಿಯವರೆಗೆ ಯಾರೂ ಕೇಳಿರಲೇ ಇಲ್ಲ.

ಚಿನ್ನು ಒಬ್ಬಳನ್ನೇ ಕೂರಿಸಿಕೊಂಡು, ಯಾರಾದರೂ ಮುಟ್ಟಿದ್ದಾರಾ, ನೋಯಿಸಿದ್ದಾರಾ ಅಂತಲೂ ಮೆಲ್ಲಗೆ ಕೇಳಿದೆ. ಇಂಥಲ್ಲಿ ಅದನ್ನು ಕೇಳದೆ ಬಿಡುವಂತಿಲ್ಲ. ಹಾಗೇನೂ ಇರಲಿಲ್ಲ. ಆದರೆ ಬೇರೆ ಒಂದು ಹೊರಬಿತ್ತು: ‘ಸ್ಕೂಲ್ ಟಾಯ್ಲೆಟ್‌ಗೆ ಚಿಲಕ ಇಲ್ಲ ಆಂಟಿ. ಹುಡುಗ್ರು ಬಾಗಿಲು ತಳ್ತಾರೆ.’

ಬೆಳಗ್ಗೆ ಏಳಕ್ಕೆ ಮನೆಯಲ್ಲಿ ಹೋದವಳು ಮತ್ತೆ ಹೋಗುತ್ತಿದ್ದದ್ದು ಸಂಜೆ ನಾಲ್ಕೂವರೆಗೆ. ಈ ವಯಸ್ಸಿನ ಮೂತ್ರಚೀಲ ಎಷ್ಟು ಹಿಡಿಯಬಹುದು ಅನ್ನೋದಕ್ಕೆ ಒಂದು ಸುಲಭ ಲೆಕ್ಕ ಇದೆ. ವಯಸ್ಸಿಗೆ ಒಂದು ಸೇರಿಸಿ 30ರಿಂದ ಗುಣಿಸಿ. ಚಿನ್ನುಗೆ ಸುಮಾರು 270 ಮಿ.ಲೀ. ಒಂಬತ್ತೂವರೆ ಗಂಟೆ ಅದು ತಡೆಯುತ್ತದಾ?

ನಾನು ಡಾಕ್ಟರಲ್ಲ. ಮಕ್ಕಳ ಡಾಕ್ಟರಿಗೆ ಪತ್ರ ಬರೆದುಕೊಟ್ಟೆ. ಜೊತೆಗೆ ಅಮ್ಮನಿಗೊಂದು ಮನೆಗೆಲಸ: ಶನಿವಾರ, ಭಾನುವಾರ ಅಳತೆಯ ಲೋಟ ಇಟ್ಟುಕೊಂಡು ಎಷ್ಟು ಗಂಟೆಗೆ ಹೋದಳು, ಎಷ್ಟು ಹೋದಳು, ಎಷ್ಟು ನೀರು ಕುಡಿದಳು, ಯಾವಾಗ ಒದ್ದೆಯಾಯಿತು, ಎಲ್ಲ ಬರೆಯಿರಿ. ದಿನಕ್ಕೆ ನಾಲ್ಕರಿಂದ ಏಳು ಸಲ ಹೋಗುವುದು ಸಹಜ. ಚಿನ್ನು ರಜಾ ದಿನದಲ್ಲೂ ಮೂರೇ ಸಲ.

ಡಾಕ್ಟರು ಮೊದಲು ಬೆನ್ನಿನ ಕೆಳಭಾಗ ನೋಡಿದರಂತೆ. ಉರಿಮೂತ್ರಕ್ಕೆ ಬೆನ್ನು ಯಾಕೆ ಅಂತ ಅಮ್ಮನಿಗೆ ಗಾಬರಿ. ಅಲ್ಲಿ ಕುಳಿ, ಕೂದಲ ಕುಚ್ಚು ಇದ್ದರೆ ಬೆನ್ನುಹುರಿಯ ತೊಂದರೆ ಇರಬಹುದು. ಚಿನ್ನುಗೆ ಇರಲಿಲ್ಲ. ಆಮೇಲೆ ಜಾಗ ತೊಳೆದು, ಮೊದಲ ಧಾರೆ ಬಿಟ್ಟು ನಡುವಿನ ಧಾರೆಯನ್ನು ಲ್ಯಾಬಿನ ಡಬ್ಬಿಯಲ್ಲಿ ಹಿಡಿದು ಕಲ್ಚರ್‌ಗೆ, ಅಂದರೆ ಯಾವ ರೋಗಾಣು ಇದೆ ಅಂತ ಬೆಳೆಸಿ ನೋಡುವ ಪರೀಕ್ಷೆಗೆ, ಕಳಿಸಿದರು. ಎರಡು ದಿನಕ್ಕೆ ರಿಪೋರ್ಟ್: ಇ. ಕೋಲೈ. ಹೆಚ್ಚಿನ ಮಕ್ಕಳಲ್ಲಿ ಸಿಗೋದು ಇದೇ, ನಮ್ಮ ಕರುಳಲ್ಲೇ ಇರುವ ಬ್ಯಾಕ್ಟೀರಿಯಾ. ಸ್ಕ್ಯಾನ್‌ನಲ್ಲಿ ಕಿಡ್ನಿ ಚೆನ್ನಾಗಿತ್ತು. ಆದರೆ ಹೋಗಿ ಬಂದ ಮೇಲೂ ಮೂತ್ರಚೀಲದಲ್ಲಿ 60 ಮಿ.ಲೀ. ಉಳಿದಿತ್ತು, ಹಿಂದೆ ಮಲ ತುಂಬಿ ಉಬ್ಬಿದ ಕರುಳು ಅದನ್ನು ಒತ್ತುತ್ತಿತ್ತು. ತಡೆದಷ್ಟೂ ಉಳಿಯುತ್ತದೆ, ಉಳಿದಷ್ಟೂ ಸೋಂಕು, ಸೋಂಕಾದರೆ ಇನ್ನಷ್ಟು ಅವಸರ. ಈ ಸುತ್ತಿನಲ್ಲಿ ಸಿಕ್ಕಿಕೊಂಡಿದ್ದಳು ಹುಡುಗಿ.

ಕಲ್ಚರ್ ನೋಡಿ ಆ್ಯಂಟಿಬಯಾಟಿಕ್, ಈ ಸಲ ಪೂರ್ತಿ ಕೋರ್ಸು. ಮಲ ಮೆತ್ತಗಾಗಲು ಪುಡಿ, ಅದು ತಿಂಗಳುಗಟ್ಟಲೆ. ಉಳಿದದ್ದು ನಮ್ಮ ಪಾಲಿಗೆ ಬಂತು.

ಅಮ್ಮನಿಗೆ ಹೇಳಿದ್ದು ಇಷ್ಟು. ‘ಬಂದಿದ್ಯಾ?’ ಅಂತ ಕೇಳಬೇಡಿ, ಇಲ್ಲ ಅಂತಲೇ ಹೇಳ್ತಾಳೆ. ಎರಡು ಗಂಟೆಗೊಮ್ಮೆ ‘ಟೈಮಾಯ್ತು, ಹೋಗಿ ಬಾ’ ಅನ್ನಿ. ಕಮೋಡ್ ಮೇಲೆ ಕಾಲು ನೇತಾಡಿದರೆ ಕೆಳಗಿನ ಸ್ನಾಯು ಸಡಿಲ ಆಗಲ್ಲ, ಕಾಲಡಿಗೆ ಮಣೆ ಇಡಿ. ಮುಗೀತು ಅಂತ ಎದ್ದ ಮೇಲೆ ಹತ್ತು ಎಣಿಸಿ ಇನ್ನೊಮ್ಮೆ ಪ್ರಯತ್ನಿಸಲಿ. ಚಡ್ಡಿ ಒಣಗಿದ್ದರೆ ಸ್ಟಾರ್ ಬೇಡ, ಅದು ಅವಳ ಕೈಲಿಲ್ಲ. ಹೇಳಿದ ಹೊತ್ತಿಗೆ ಹೋಗಿ ಬಂದರೆ ಸ್ಟಾರ್ ಕೊಡಿ. ಹೊಡೆತ, ನೆಂಟರ ಮುಂದೆ ಹೇಳಿ ನಗೋದು, ಎರಡೂ ಇವತ್ತಿಗೇ ನಿಲ್ಲಲಿ. ಜ್ವರ, ವಾಂತಿ, ಬೆನ್ನುನೋವು ಬಂದರೆ ಕಷಾಯ ಕುದಿಸುತ್ತಾ ಕೂರಬೇಡಿ, ಅದೇ ದಿನ ಡಾಕ್ಟರ್ ಹತ್ರ ಹೋಗಿ.

ಶಾಲೆಗೂ ಒಂದು ಪತ್ರ ಹೋಯಿತು. 2019ರಲ್ಲಿ ಕೇರಳ ನೋಡಿ ನಮ್ಮ ಶಾಲೆಗಳಲ್ಲೂ ‘ನೀರಿನ ಗಂಟೆ’ಯ, ಅಂದರೆ ನೀರು ಕುಡಿಯಲು ಮಕ್ಕಳಿಗೆ ನೆನಪಿಸುವ ಬೆಲ್ಲಿನ, ಮಾತು ಬಂತಲ್ಲ, ಒಳ್ಳೆಯದೇ. ಆದರೆ ಕುಡಿದ ನೀರು ಎಲ್ಲಿಗೆ ಹೋಗಬೇಕು ಅಂತ ಗಂಟೆ ಹೊಡೆಯುವವರು ಯೋಚಿಸಬೇಡವಾ? ಚಿಲಕ ಬರಲು ಮೂರು ವಾರ ಹಿಡಿಯಿತು. ಅಲ್ಲಿಯವರೆಗೆ ಗೆಳತಿಯೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲುತ್ತಿದ್ದಳು. ಮಿಸ್ ಮಾತ್ರ ಮೊದಲ ದಿನದಿಂದಲೇ ಚಿನ್ನು ಕೈ ಎತ್ತದಿದ್ದರೂ ಕಣ್ಸನ್ನೆಯಲ್ಲೇ ಕಳಿಸಿದರು.

ಎರಡನೇ ತಿಂಗಳು ಮಲ ಮೆತ್ತಗಾಗಿಸುವ ಪುಡಿಯನ್ನು ‘ಅಭ್ಯಾಸ ಆಗಿಬಿಡುತ್ತೆ’ ಅಂತ ಅಜ್ಜಿ ನಿಲ್ಲಿಸಿದರು. ಹತ್ತೇ ದಿನಕ್ಕೆ ಚಡ್ಡಿ ಮತ್ತೆ ಒದ್ದೆ. ಅಜ್ಜಿಯನ್ನೂ ಕರೆಸಿದೆ, ಸ್ಕ್ಯಾನಿನ ಚಿತ್ರ ತೋರಿಸಿದೆ. ‘ಇಷ್ಟೊಂದು ತುಂಬ್ಕೊಂಡಿತ್ತಾ?’ ಅಂದರು. ಪುಡಿ ಶುರುವಾಯಿತು.

ನಾಲ್ಕನೇ ತಿಂಗಳ ಸ್ಕ್ಯಾನಿನಲ್ಲಿ ಉಳಿದದ್ದು 10 ಮಿ.ಲೀ. ವಾರಕ್ಕೆ ಒಂದು ದಿನ ಈಗಲೂ ಸ್ವಲ್ಪ ಒದ್ದೆಯಾಗುತ್ತದೆ. ಬ್ಯಾಗಿನಲ್ಲಿ ಇನ್ನೊಂದು ಚಡ್ಡಿ ಇರುತ್ತದೆ, ಈಗ ಅವಳೇ ಬದಲಿಸಿಕೊಳ್ಳುತ್ತಾಳೆ.